ಆರ್ಚಿ ಹೇಳಿಕೊಟ್ಟ ಮೂರು ಉತ್ತರ

ಆರ್ಚಿ ರಿಮ್ಮರ್‌ಗೆ ಹದಿನಾರು ಮಕ್ಕಳು, ಅದರಲ್ಲಿ ಒಂದನ್ನೂ ತಾನು ಹೆತ್ತಿಲ್ಲ ಎಂದು ಅವನ ಹೆಂಡತಿ ಎಡ್ನಾ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹೇಳಲಿ ಬಿಡಿ, ಮಾತೇನೂ ಸುಳ್ಳಲ್ಲ. ಹದಿನಾರು ಜಾಕಿಗಳ ಬೂಟು ತಿಕ್ಕುವವನು ಅವನು, ಅವರ ಜೀನು ತೊಳೆದು ಎಣ್ಣೆ ಹಚ್ಚುವವನು ಅವನು, ತೂಕ ಸಾಲದವನ ಜೀನಿನ ಕೆಳಗೆ ಸೀಸದ ಬಿಲ್ಲೆ ಸೇರಿಸುವವನು, ತೂಕ ಹೆಚ್ಚಾದವನ ಕೈಯಿಂದ ಬೆಣ್ಣೆ ಹಚ್ಚಿದ ಟೋಸ್ಟ್ ಕಿತ್ತುಕೊಳ್ಳುವವನು. ಬೇಲಿ ಹಾರುವ ಕುದುರೆಗಳ ಜಾಕಿ ಎಂದರೆ ವರ್ಷಕ್ಕೊಂದಾದರೂ ಮೂಳೆ ಮುರಿದುಕೊಳ್ಳುವ ಜಾತಿ. ತೋಳೆತ್ತಲಾಗದವನಿಗೆ ಅಂಗಿ ತೊಡಿಸುವುದು, ಬಗ್ಗಲಾಗದವನ ಬೂಟು ಎಳೆಯುವುದು, ಇವು ತಾಯಿ ಮಾಡುವ ಕೆಲಸವಲ್ಲದೆ ಮತ್ತೇನು?

ಜಾಕಿಗಳು ಬಟ್ಟೆ ಬದಲಿಸುವ ಆ ಉಡುಪಿನ ಕೋಣೆಗೆ ಯಾರೂ ಬರೆದಿಡದ ಒಂದು ಕಟ್ಟಳೆಯಿತ್ತು: ಒಳಗೆ ಕಂಡದ್ದು ಒಳಗೇ ಇರಬೇಕು. ಯಾರು ಹೆದರಿ ಬಚ್ಚಲಲ್ಲಿ ವಾಂತಿ ಮಾಡಿದ, ಯಾರ ಭುಜದ ಮೂಳೆ ಇನ್ನೂ ಕೂಡಿಲ್ಲ, ಯಾರ ಹೆಂಡತಿ ಮನೆ ಬಿಟ್ಟು ಹೋದಳು, ಎಲ್ಲವೂ ಆರ್ಚಿಗೆ ಗೊತ್ತು. ಕುದುರೆಯ ಮಾಲೀಕರೇ ಬಂದು ಹಲ್ಲು ಗಿಂಜಿದರೂ ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಆ ಕೆಲಸದಲ್ಲಿ ಅವನು ಉಳಿದದ್ದು ಆ ಮುಚ್ಚಿದ ಬಾಯಿಯಿಂದಲೇ.

ಇನ್ನೊಂದು ಕೆಲಸವನ್ನೂ ಅವನು ಮಾಡುತ್ತಿದ್ದ, ಅದನ್ನು ಯಾರೂ ಅವನಿಗೆ ಒಪ್ಪಿಸಿರಲಿಲ್ಲ. ಕುದುರೆಯಿಂದ ಬಿದ್ದ ಜಾಕಿ ಮತ್ತೆ ಸವಾರಿಗೆ ಹೋಗುವ ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಬೇಕು. ಪ್ರತಿ ಜಾಕಿಯ ಹತ್ತಿರವೂ ಒಂದು ಪುಟ್ಟ ಪುಸ್ತಕ. ಡಾಕ್ಟರು ಅದರಲ್ಲಿ ಕಪ್ಪು ಶಾಯಿಯಲ್ಲಿ ಬರೆದರೆ ಸವಾರಿ ಉಂಟು, ತಲೆಗೆ ಪೆಟ್ಟಾಗಿದೆಯೆಂದು ಕೆಂಪು ಶಾಯಿಯಲ್ಲಿ ಬರೆದರೆ ಮೂರು ವಾರ ಕುದುರೆಯ ಹತ್ತಿರ ಸುಳಿಯುವಂತಿಲ್ಲ. ಡಾಕ್ಟರ್ ಲೋಮಾಕ್ಸ್ ಒಳ್ಳೆಯವರು, ಆದರೆ ಬಿದ್ದವರನ್ನೆಲ್ಲ ಅವೇ ಮೂರು ಪ್ರಶ್ನೆ ಕೇಳುತ್ತಿದ್ದರು. ಇವತ್ತು ಯಾವ ವಾರ, ಈಗ ಮುಗಿದದ್ದು ಎಷ್ಟನೇ ಓಟ, ಹೋದ ವರ್ಷ ನ್ಯಾಷನಲ್ ಎಂಬ ದೊಡ್ಡ ಓಟ ಗೆದ್ದ ಕುದುರೆ ಯಾವುದು. ಮುಖದ ಕೆಸರು ಒರೆಸುವ ನೆವದಲ್ಲಿ ಆರ್ಚಿ ಆ ಮೂರಕ್ಕೂ ಉತ್ತರವನ್ನು ಕಿವಿಯಲ್ಲಿ ಉಸುರಿ ಕಳಿಸುತ್ತಿದ್ದ. ಇದು ಮೋಸ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ದುಡಿದು ತಿನ್ನುವ ಹುಡುಗರು, ಮೂರು ವಾರ ಮನೆಯಲ್ಲಿ ಕೂತರೆ ಅವರ ಕುದುರೆ ಇನ್ನೊಬ್ಬನ ಪಾಲಾಗುತ್ತದೆ ಎಂಬ ಕನಿಕರ, ಅಷ್ಟೆ.

ಆ ವರ್ಷದ ನ್ಯಾಷನಲ್ ಶನಿವಾರ ಐನ್‌ಟ್ರೀ ಮೈದಾನದಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಆರ್ಚಿಯ ಹದಿನಾರರಲ್ಲಿ ಹನ್ನೊಂದು ಜನಕ್ಕೆ ದೊಡ್ಡ ಓಟದಲ್ಲಿ ಕುದುರೆಯಿತ್ತು. ಅವರಲ್ಲಿ ಅವನ ಜೀವ ಅಂಟಿಕೊಂಡಿದ್ದದ್ದು ಫಿಂಟನ್ ಹ್ಯಾನ್ಲಿಗೆ. ಹದಿನೆಂಟು ತುಂಬಿದಾಗ ಐರ್ಲೆಂಡಿನಿಂದ ಹಡಗು ಹತ್ತಿ ಬಂದವನು, ಈಗ ಮೂವತ್ತೈದು. ನ್ಯಾಷನಲ್ಲಿನಲ್ಲಿ ಹನ್ನೊಂದು ಸಲ ಓಡಿ ಒಮ್ಮೆಯೂ ಗೆಲ್ಲದವನು. ಈ ಸಲ ಅವನ ಕೈಗೆ ಕಾಪರ್ ಕೆಟಲ್ ಸಿಕ್ಕಿತ್ತು. ಊರಿಗೆ ಊರೇ ಗೆಲ್ಲುತ್ತದೆ ಎನ್ನುತ್ತಿದ್ದ ಕುದುರೆ ಅದು. ಗೆದ್ದರೂ ಬಿಟ್ಟರೂ ಇದೇ ಕೊನೆ, ಮೊಣಕಾಲು ಇನ್ನು ಕೇಳುವುದಿಲ್ಲ ಎಂದು ಫಿಂಟನ್ ಆರ್ಚಿಗೊಬ್ಬನಿಗೇ ಹೇಳಿದ್ದ.

ಅಂಥವನು ಸುಮ್ಮನೆ ಕೂತು ದೊಡ್ಡ ಓಟಕ್ಕೆ ಕಾಯಬೇಡವೇ? ಯಾರೋ ಹಳೆಯ ಸ್ನೇಹಿತ ಗೋಗರೆದನೆಂದು ಎರಡನೆಯ ಓಟದಲ್ಲಿ ಒಂದು ತಲೆಕೆಟ್ಟ ಕುದುರೆ ಹತ್ತಿದ. ಕೊನೆಯ ಬೇಲಿಗಿಂತ ಒಂದು ಮುಂಚೆ ಅದು ಮುಗ್ಗರಿಸಿತು. ಹಿಂದಿನಿಂದ ಬಂದ ಕುದುರೆಯ ಗೊರಸು ಫಿಂಟನ್ನನ ಶಿರಸ್ತ್ರಾಣಕ್ಕೆ ತಗುಲಿತು. ಅವನು ಎದ್ದು, ಜನರಿಗೆ ಕೈಬೀಸಿ, ನಡೆದುಕೊಂಡೇ ಒಳಗೆ ಬಂದ.

"ಬೆಳಿಗ್ಗೆಯಿಂದ ಬಡ್ಕೊಂಡೆ ಆ ಪೆದ್ದು ಕುದುರೆ ಹತ್ಬೇಡ ಅಂತ," ಎಂದ ಆರ್ಚಿ, ಅವನ ಮುಖ ಒರೆಸುತ್ತ. "ನ್ಯಾಷನಲ್ ದಿನ ಯಾವನಾದ್ರೂ ಉಪಕಾರಕ್ಕೆ ಅಂತ ಸವಾರಿ ಮಾಡ್ತಾನೇನೋ?"

"ಬಿಡು ತಾತ. ಅದಕ್ಕೆ ಕಣ್ಣಿಲ್ಲ, ನಂಗೆ ಬುದ್ಧಿ ಇಲ್ಲ. ಜೋಡಿ ಸರಿಯಾಗಿತ್ತು." ಕೋಣೆಯಲ್ಲಿ ಎಲ್ಲರೂ ಆರ್ಚಿಯನ್ನು ತಾತ ಎಂದೇ ಕರೆಯುವುದು.

"ಲೋಮಾಕ್ಸ್ ಕಾಯ್ತಿದಾರೆ. ಇವತ್ತು ಯಾವ ವಾರ ಹೇಳು ನೋಡೋಣ."

"ಅದನ್ನ ನೀನು ಹೇಳ್ಬೇಕು. ನಿನ್ ಕೆಲ್ಸ ಅಲ್ವಾ ಅದು?"

ಪಕ್ಕದವರು ನಕ್ಕರು, ಆರ್ಚಿಯೂ ನಕ್ಕ. ಬಗ್ಗಿ ಕಿವಿಯಲ್ಲಿ ಹೇಳಿದ, "ಶನಿವಾರ. ಮುಗಿದಿದ್ದು ಎರಡನೇದು. ಹೋದ್ ವರ್ಷ ಗೆದ್ದಿದ್ದು ಹಾರ್ವೆಸ್ಟ್ ಹೋಮ್." ಫಿಂಟನ್ ಪಾಠ ಒಪ್ಪಿಸುವವನಂತೆ ಮೂರನ್ನೂ ಒಮ್ಮೆ ಹೇಳಿಕೊಂಡು ಹೋದ. ಐದೇ ನಿಮಿಷದಲ್ಲಿ ಪುಸ್ತಕ ಹಿಡಿದು ವಾಪಸಾದ. ಕಪ್ಪು ಶಾಯಿ.

ಬಂದವನು ನೇರವಾಗಿ ಬಾಗಿಲ ಪಕ್ಕದ ಗೂಟದ ಹತ್ತಿರ ಹೋಗಿ ತನ್ನ ಟೋಪಿ ತಗುಲಿಹಾಕಿದ. ಅಲ್ಲಿದ್ದ ಕೋಟನ್ನು ತೆಗೆದು ಬೆಂಚಿನ ಮೇಲೆ ಎಸೆದ. ಅಲ್ಲೇ ಕೂತು ಬೂಟು ಬಿಚ್ಚತೊಡಗಿದ.

ಆ ಗೂಟಗಳ ಲೆಕ್ಕ ಗೊತ್ತಿಲ್ಲದ ಜಾಕಿ ಇಲ್ಲ. ಹಿರಿಯರಿಗೆ ಒಲೆಯ ಪಕ್ಕ, ಹೊಸಬರಿಗೆ ಬಾಗಿಲ ಪಕ್ಕ, ಗಾಳಿ ನೇರವಾಗಿ ಕತ್ತಿಗೆ ಹೊಡೆಯುವ ಜಾಗ. ಮೇಲಿನವನೊಬ್ಬ ಸವಾರಿ ಬಿಟ್ಟರೆ ಉಳಿದವರು ಒಂದೊಂದು ಗೂಟ ಒಳಕ್ಕೆ ಸರಿಯಬೇಕು. ಬಾಗಿಲಿನಿಂದ ಒಲೆಯವರೆಗೆ ಬರಲು ಫಿಂಟನ್ನನಿಗೆ ಹದಿನೇಳು ವರ್ಷ ಹಿಡಿದಿತ್ತು. ಈಗ ಬಾಗಿಲ ಗೂಟ ಐವರ್ ಪ್ರೈಸ್ ಎಂಬ ವೇಲ್ಸಿನವನದು. ಅವನ ಕುದುರೆ ಅಂದು ಬೆಳಿಗ್ಗೆ ಕುಂಟಿದ್ದರಿಂದ ದೊಡ್ಡ ಓಟವಿಲ್ಲದೆ ಜೋಲು ಮುಖ ಹಾಕಿಕೊಂಡು ಕೂತಿದ್ದ.

"ಐವರ್, ಏಳಪ್ಪಾ, ಕುದುರೇನೂ ಹೋಯ್ತು, ಗೂಟಾನೂ ಹೋಯ್ತು," ಎಂದು ಯಾರೋ ಕೂಗಿದರು. ಕೋಣೆಯೆಲ್ಲ ಹೋ ಎಂದು ನಕ್ಕಿತು. ಫಿಂಟನ್ನನೂ ನಕ್ಕ. ಆದರೆ ಅವನು ಮೊದಲು ಎಲ್ಲರ ಮುಖ ನೋಡಿ, ಆಮೇಲೆ ನಕ್ಕದ್ದು. ಅದನ್ನು ಕಂಡದ್ದು ಆರ್ಚಿ ಒಬ್ಬನೇ.

ಒದ್ದೆ ಬಟ್ಟೆ ಒಣಗಿಸುವ ಕಿರುಕೋಣೆಗೆ ಫಿಂಟನ್ನನನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದ.

"ಆ ಗೂಟಕ್ಕೆ ಯಾಕೋ ಹೋದೆ?"

"ತಮಾಷೆಗೆ."

"ನನ್ಹತ್ರ ಬೇಡ. ತಮಾಷೆ ಮಾಡುವಾಗ ನಿನ್ ಮುಖ ಹೆಂಗಿರುತ್ತೆ ಅಂತ ನಂಗೊತ್ತು."

ಫಿಂಟನ್ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ಸ್ವಲ್ಪ ಮಂಜುಮಂಜಾಗಿದೆ ಕಣಯ್ಯಾ. ಬರುತ್ತೆ, ಹೋಗುತ್ತೆ. ಈಗ ನೋಡು, ಸರಿಯಾಗಿದೀನಿ. ಕಾಪರ್ ಕೆಟಲ್ ಬೇಲಿ ಹತ್ರ ಬಂದಾಗ ಎಡಕ್ಕೆ ಎಳೆಯುತ್ತೆ, ಕಾಲುವೆ ತಿರುವಲ್ಲಿ ಎಡಕ್ಕೇ ತಿರುಗ್ಬೇಕಲ್ಲ, ಅದೇ ನಂಗೆ ಲಾಭ. ಮೊದಲ ಸುತ್ತು ಹಿಂದೆ ಇಟ್ಕೋತೀನಿ. ಎಲ್ಲಾ ಗೊತ್ತಿದೆ. ಹತ್ತು ನಿಮಿಷದ ಕೆಲ್ಸ, ತಾತ. ಹದಿನೇಳು ವರ್ಷ ಕಾದಿದ್ದು ಆ ಹತ್ತು ನಿಮಿಷಕ್ಕೆ."

"ಮತ್ತೆ ಬಿದ್ರೆ?"

"ಬಿದ್ದಾಗ ನೋಡ್ಕೊಳ್ಳೋಣ." ಅವನು ಆರ್ಚಿಯ ತೋಳು ಹಿಡಿದುಕೊಂಡ. "ನೀನು ಬಾಯಿ ಬಿಟ್ರೆ ನಾನು ಮುಗ್ದೆ. ಇನ್ನೊಂದು ವರ್ಷ ಇಲ್ಲ ನಂಗೆ. ನಿನ್ನ ಕಾಲಿಗೆ ಬೀಳ್ಲಾ?"

ಆರ್ಚಿ ಬಾಗಿಲು ತೆರೆದ. ಒಲೆಯ ಪಕ್ಕದ ಗೂಟಕ್ಕೆ ಅವನನ್ನು ಕರೆದುಕೊಂಡು ಬಂದು ಬಿಳಿಯ ಚಲ್ಲಣ ಕೊಟ್ಟ, ಹಸಿರು ಪಟ್ಟೆಯ ರೇಷ್ಮೆ ಅಂಗಿ ತೊಡಿಸಿದ, ಕೊರಳ ಬಟ್ಟೆ ಕಟ್ಟಿದ. ಸಕ್ಕರೆ ಹಾಕಿದ ಚಹಾ ಎರಡು ಗುಟುಕು ಕುಡಿಸಿದ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು, ತಲೆ ಬೇರೆಲ್ಲೋ ಇತ್ತು. ಮೂವತ್ತು ಬೇಲಿ. ನಲವತ್ತು ಕುದುರೆ. ಒಬ್ಬ ಬಿದ್ದರೆ ಅವನ ಸುತ್ತಮುತ್ತ ನೂರೈವತ್ತು ಗೊರಸು. ನೆಟ್ಟಗಿದ್ದ ತಲೆಯೇ ಅದನ್ನು ತಡೆಯುವುದು ಕಷ್ಟ, ಇನ್ನು ಒಮ್ಮೆ ಅಲುಗಿದ ತಲೆ? ಆರ್ಚಿ ಗಲ್ಲದ ಪಟ್ಟಿ ಬಿಗಿದ, ಬಿಚ್ಚಿ ಮತ್ತೆ ಬಿಗಿದ. ಯೋಚಿಸಿದಷ್ಟೂ ಅವನಿಗೆ ಒಂದೇ ವಿಷಯ ಚುಚ್ಚುತ್ತಿತ್ತು. ಈ ಹುಡುಗನ ಪುಸ್ತಕದಲ್ಲಿ ಕಪ್ಪು ಶಾಯಿ ಬರೆಸಿದ್ದು ಲೋಮಾಕ್ಸ್ ಅಲ್ಲ, ತಾನು.

ತೂಕದ ಕೋಣೆಯಲ್ಲಿ ಸಾಲು ನಿಂತಿತ್ತು. ಫಿಂಟನ್ನನ ಸರದಿ ಬಂದಾಗ ಅವನು ತಕ್ಕಡಿಯ ಕುರ್ಚಿಯ ಮೇಲೆ ಕೂತ; ಆರ್ಚಿ ಜೀನನ್ನು ಅವನ ತೊಡೆಯ ಮೇಲಿಟ್ಟ.

"ಹತ್ತು ಸ್ಟೋನ್ ಒಂಬತ್ತು ಪೌಂಡು," ಎಂದ ತೂಕದವನು. "ಸರಿಯಾಗಿದೆ."

ಸರಿಯಾಗಿದೆ ಎಂಬ ಆ ಮಾತು ಕಿವಿಗೆ ಬಿದ್ದದ್ದೇ ಆರ್ಚಿ ಬಾಯಿ ತೆರೆದ.

"ಡಾಕ್ಟ್ರೇ, ಒಂದು ನಿಮಿಷ. ಇವನು ನಿಮಗೆ ಹೇಳಿದ ಉತ್ತರ ಮೂರೂ ನಾನು ಹೇಳ್ಕೊಟ್ಟಿದ್ದು."

ಗೋಡೆಗೊರಗಿ ನಿಂತಿದ್ದ ಲೋಮಾಕ್ಸ್ ತಿರುಗಿ ನೋಡಿದರು. ಸಾಲಿನಲ್ಲಿದ್ದ ಜಾಕಿಗಳೆಲ್ಲ ನೋಡಿದರು. ಫಿಂಟನ್ನನ ಮುಖದ ಬಣ್ಣ ಇಳಿಯಿತು.

"ಏನ್ ಮಾತಾಡ್ತಿದೀಯ, ಆರ್ಚಿ?" ಎಂದರು ಲೋಮಾಕ್ಸ್. "ಎಷ್ಟು ದಿನದಿಂದ ನಡೀತಿದೆ ಇದು?"

"ಇಪ್ಪತ್ತಾರು ವರ್ಷದಿಂದ. ನನ್ನ ಮೇಲೆ ಏನ್ ಬೇಕಾದ್ರೂ ಬರೀರಿ, ಆಮೇಲೆ. ಈಗ ಇವನನ್ನ ನೋಡಿ."

"ಮುದುಕನಿಗೆ ತಲೆ ಕೆಟ್ಟಿದೆ," ಎಂದ ಫಿಂಟನ್, ನಗಲು ನೋಡಿದ. "ಕೇಳಿ ಡಾಕ್ಟ್ರೇ, ಏನ್ ಬೇಕೋ ಕೇಳಿ."

ಲೋಮಾಕ್ಸ್ ಕೇಳಿದರು, ಈ ಸಲ ಹೊಸ ಪ್ರಶ್ನೆಗಳನ್ನು. ಕುದುರೆ ಯಾವುದು? ಕಾಪರ್ ಕೆಟಲ್. ಅದರ ನಂಬರು? ಹದಿನೆಂಟು. ಟ್ರೇನರ್ ಹೆಸರೇನು? ಮಿಸೆಸ್ ಗ್ಯಾಸ್ಕಿನ್. ಎಷ್ಟು ಬೇಲಿ? ಮೂವತ್ತು. ಒಂದೂ ತಪ್ಪಲಿಲ್ಲ, ಪಟಪಟನೆ ಬಂತು. ಸಾಲಿನಿಂದ ಯಾರೋ ಆರ್ಚಿಗೆ ಕೇಳುವ ಹಾಗೆಯೇ ಚಾಡಿಕೋರ ಎಂದರು. ಇಪ್ಪತ್ತಾರು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಅಂದಿರಲಿಲ್ಲ. ಲೋಮಾಕ್ಸ್ ಕೈಗಡಿಯಾರ ನೋಡಿಕೊಂಡರು. ಕುದುರೆಗಳು ಹೊರಗೆ ಸುತ್ತು ಹಾಕಲು ಶುರುಮಾಡಿದ್ದವು.

ಆರ್ಚಿಯ ಹತ್ತಿರ ಇನ್ನೊಂದೇ ಪ್ರಶ್ನೆಯಿತ್ತು. ಕೇಳಬಾರದ ಪ್ರಶ್ನೆ. ಅವನು ಕುರ್ಚಿಯ ಮುಂದೆ ಬಗ್ಗಿ, ಮಗುವಿನ ಹತ್ತಿರ ಮಾತಾಡುವಷ್ಟು ಮೆಲ್ಲಗೆ ಕೇಳಿದ, "ಫಿಂಟನ್, ನಿಮ್ಮಪ್ಪ ಇವತ್ತು ಎಲ್ಲಿ ನಿಂತಿದಾರೆ?"

"ಎಲ್ಲಿ ನಿಲ್ತಾರೆ, ಯಾವಾಗ್ಲೂ ನಿಲ್ಲೋ ಜಾಗ. ಕಾಲುವೆ ತಿರುವಲ್ಲಿ," ಎಂದ ಫಿಂಟನ್, ಸಿಡುಕಿನಿಂದ. "ಬೆಳಿಗ್ಗೆ ಮಾತಾಡ್ಸಿದೆ. ಹೊಸ ಟೋಪಿ ಹಾಕ್ಕೊಂಡ್ ಬಂದಿದಾರೆ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಫಿಂಟನ್ನನ ಅಪ್ಪ ಸತ್ತು ಎರಡು ವರ್ಷವಾಗಿತ್ತು. ಆ ಸಾಲಿನಲ್ಲಿದ್ದ ನಾಲ್ವರು ಹಡಗಿನಲ್ಲಿ ಐರ್ಲೆಂಡಿನ ಲಿಮರಿಕ್ಕಿಗೆ ಹೋಗಿ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಬಂದವರು. ಆರ್ಚಿ ಐದನೆಯವನು. ಚಾಡಿಕೋರ ಎಂದವನು ತಲೆ ತಗ್ಗಿಸಿಕೊಂಡ.

ಫಿಂಟನ್ ಒಬ್ಬೊಬ್ಬರ ಮುಖವನ್ನೇ ನೋಡಿದ. "ಯಾಕ್ರೋ? ಯಾಕೆ ಹಂಗೆ ನೋಡ್ತಿದೀರಾ?" ಅವನು ಆರ್ಚಿಯ ಕಡೆ ತಿರುಗಿದ. "ತಾತ, ಅಪ್ಪನಿಗೆ ಏನಾಯ್ತು?"

ಬೇರೆ ಯಾರು ಹೇಳಬೇಕು ಅದನ್ನು? ಪ್ರಶ್ನೆ ಕೇಳಿದವನೇ ಹೇಳಬೇಕು. "ಅಪ್ಪ ಹೋಗ್ಬಿಟ್ರು ಮಗಾ," ಎಂದ ಆರ್ಚಿ. "ಹೋದವರ್ಷಕ್ಕೂ ಹಿಂದಿನ ವರ್ಷ. ನಾವೆಲ್ಲ ಹೋಗಿದ್ವಿ."

ಫಿಂಟನ್ ಜೀನನ್ನು ಅವುಚಿಕೊಂಡು ತಕ್ಕಡಿಯ ಮೇಲೇ ಕೂತು ಅತ್ತ. ಎರಡು ವರ್ಷದ ಹಿಂದೆ ಹೇಗೆ ಅತ್ತಿದ್ದನೋ ಹಾಗೆಯೇ, ಹೊಸದಾಗಿ ಕೇಳಿದವನ ಅಳು. ಲೋಮಾಕ್ಸ್ ಅವನ ಪುಸ್ತಕ ತೆಗೆದುಕೊಂಡು ಕೆಂಪು ಪೆನ್ನಿನಲ್ಲಿ ಬರೆದರು. ಹಸಿರು ಪಟ್ಟೆಯ ಅಂಗಿಯನ್ನು ಆರ್ಚಿಯೇ ಬಿಚ್ಚಿದ, ಅದನ್ನು ಈಗ ಕಾಪರ್ ಕೆಟಲ್ ಹತ್ತಬೇಕಾದ ಐವರ್ ಪ್ರೈಸ್‌ಗೆ ತೊಡಿಸಿದ್ದೂ ಆರ್ಚಿಯೇ. "ಎಡಕ್ಕೆ ಎಳೆಯುತ್ತಂತೆ," ಎಂದಷ್ಟೇ ಹೇಳಿದ. ಐವರ್ ತಲೆಯಾಡಿಸಿದ.

ಆಸ್ಪತ್ರೆಗೆ ಕರೆದೊಯ್ಯುವ ಆಂಬುಲೆನ್ಸಿನಲ್ಲಿ ಆರ್ಚಿ ತಾನೂ ಹತ್ತಿ ಕೂತ. ನ್ಯಾಷನಲ್ ಶನಿವಾರ ಹದಿನೈದು ಜನರನ್ನು ಬಿಟ್ಟು ಅವನು ಕೋಣೆಯಿಂದ ಹೊರಬಿದ್ದದ್ದು ಅದೇ ಮೊದಲು. ಅವರವರ ಬೂಟು ಅವರವರೇ ಎಳೆದುಕೊಳ್ಳಲಿ, ಸಾಯುವುದಿಲ್ಲ. ಗಾಡಿ ಮೆಲಿಂಗ್ ರಸ್ತೆಯ ಹತ್ತಿರ ಬರುವಷ್ಟರಲ್ಲಿ ಹಗ್ಗ ಕಟ್ಟಿಯಾಗಿತ್ತು. ಓಟದ ಹಾದಿ ಆ ರಸ್ತೆಯನ್ನು ಅಡ್ಡ ಹಾಯುತ್ತದೆ. ಓಟ ಮುಗಿಯುವವರೆಗೆ ರಾಜನಿಗೂ ಅಲ್ಲಿ ದಾರಿಯಿಲ್ಲ.

ಫಿಂಟನ್ ಮಲಗಿದ್ದವನು ಕಣ್ಣು ಬಿಟ್ಟ. ಮಂಜು ಸರಿದಿತ್ತು, ಎಲ್ಲವೂ ಅವನಿಗೆ ಗೊತ್ತಿತ್ತು.

"ಇಳಿ," ಎಂದ.

"ಇಳಿಯಲ್ಲ."

"ನಿನ್ ಮುಖ ನೋಡೋಕಾಗ್ತಿಲ್ಲ ನಂಗೆ. ಓಟ ಕಿತ್ಕೊಂಡಿದ್ದು ಸಾಲ್ದು ಅಂತ ಅಪ್ಪನ್ನೂ ಎರಡನೇ ಸಲ ಸಾಯಿಸ್ದೆ."

"ನೋಡ್ಬೇಡ. ಆ ಕಡೆ ತಿರುಗ್ಕೋ. ನಾನು ಇಲ್ಲೇ ಕೂತಿರ್ತೀನಿ."

ಫಿಂಟನ್ ನಿಜವಾಗಿಯೂ ತಗಡಿನ ಗೋಡೆಯ ಕಡೆ ತಿರುಗಿಕೊಂಡ. ಹುಡುಗ ಹೇಳಿದ್ದರಲ್ಲಿ ತಪ್ಪೇನಿತ್ತು ಎಂದುಕೊಂಡ ಆರ್ಚಿ. ಮೈದಾನದ ಕಡೆಯಿಂದ ಜನರ ಕೂಗು ಎದ್ದಿತು, ಓಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ನೆಲ ಅದುರಿತು. ನಲವತ್ತು ಕುದುರೆ ರಸ್ತೆ ದಾಟಿ ಮೊದಲ ಬೇಲಿಯ ಕಡೆಗೆ ಹೋದವು. ಆಂಬುಲೆನ್ಸಿನ ಕಪಾಟಿನಲ್ಲಿದ್ದ ಬಾಟಲಿಗಳು ಗಲಗಲ ಎಂದವು. ಫಿಂಟನ್ನನ ಬೆನ್ನು ಬಿಗಿಯಾಯಿತು, ಅವನು ತಿರುಗಲಿಲ್ಲ. ಸುತ್ತು ಮುಗಿಸಿ ಕುದುರೆಗಳು ವಾಪಸು ದಾಟಿದಾಗ ಗೊರಸಿನ ಸದ್ದು ಕಡಿಮೆಯಾಗಿತ್ತು. ಮತ್ತೆ ಹೊರಕ್ಕೆ ದಾಟಿದಾಗ ಇನ್ನೂ ಕಡಿಮೆ. ಎಷ್ಟು ಜನ ಬಿದ್ದರೋ, ಅದರಲ್ಲಿ ತನ್ನವರು ಎಷ್ಟೋ ಎಂದು ಆರ್ಚಿ ಲೆಕ್ಕ ಹಾಕಿದ.

ಕೊನೆಯ ಸಲ ದಾಟಿದವು ಹತ್ತೋ ಹನ್ನೆರಡೋ. ಮೈಕಿನ ದನಿ ಗಾಳಿಯಲ್ಲಿ ಹರಿದು ಹರಿದು ಬರುತ್ತಿತ್ತು. ಜಾಕಿಯ ಹೆಸರು ಕೇಳಿಸಲಿಲ್ಲ. ಕುದುರೆಯ ಹೆಸರು ಮಾತ್ರ ಕೇಳಿಸಿತು, ಒಂದು ಸಲ, ಎರಡು ಸಲ, ಆಮೇಲೆ ಲಕ್ಷ ಜನ ಒಟ್ಟಿಗೆ ಕೂಗಿದ ಗದ್ದಲದ ಮೇಲೆ ಮೂರನೆಯ ಸಲ. ಕಾಪರ್ ಕೆಟಲ್.

ಆರ್ಚಿ ಕಣ್ಣು ಮುಚ್ಚಿಕೊಂಡ. ಬಾಯಿಗೆ ಬಂದದ್ದೆಲ್ಲ ಬೈಯಲಿ, ಎದ್ದು ಹೊಡೆಯಲಿ, ಹೊಡೆಸಿಕೊಳ್ಳಲು ತಯಾರಾಗಿ ಕೂತ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕೈ ತಡಕಾಡುತ್ತ ಬಂದು ಅವನ ಕೈ ಹಿಡಿದುಕೊಂಡಿತು. ಫಿಂಟನ್ ಈ ಕಡೆ ತಿರುಗಿದ್ದ. ಮುಖದಲ್ಲಿ ಸಿಟ್ಟಿನ ಗೆರೆಯೂ ಇರಲಿಲ್ಲ, ಹದಿನೆಂಟರ ಹುಡುಗನ ಮುಖವಾಗಿತ್ತು ಅದು.

"ಅಪ್ಪಾ," ಎಂದ. "ನೋಡಿದ್ಯಾ? ಗೆದ್ದೆ ನಾನು."

ಅವನಪ್ಪನನ್ನು ಮೂರನೆಯ ಸಲ ಸಾಯಿಸಲು ಆರ್ಚಿಯಿಂದ ಆಗಲಿಲ್ಲ.

"ನೋಡಿದೆ ಮಗಾ."

"ತಿರುವಲ್ಲಿ ಹೆಂಗಿತ್ತು?"

"ಚೆನ್ನಾಗಿ ತಿರುಗಿಸ್ದೆ. ನಿನ್ನಷ್ಟು ಚೆನ್ನಾಗಿ ಯಾರೂ ತಿರುಗಿಸ್ಲಿಲ್ಲ. ಈಗ ಮಾತಾಡ್ಬೇಡ, ಮಲ್ಕೋ."

ರಸ್ತೆಯ ಹಗ್ಗ ಬಿಚ್ಚಿದರು. ಗಾಡಿ ಹೊರಟಿತು. ನಾಳೆಯೋ ನಾಡಿದ್ದೋ ಹುಡುಗನಿಗೆ ಪೂರ್ತಿ ತಿಳಿವು ಬರುತ್ತದೆ, ಆಗ ಈ ಗೆಲುವನ್ನೂ ಅವನ ಕೈಯಿಂದ ಕಿತ್ತುಕೊಳ್ಳಬೇಕು, ಅದಕ್ಕೂ ತಾನೇ ಹೋಗಬೇಕು ಎಂದು ಆರ್ಚಿಗೆ ಗೊತ್ತಿತ್ತು. ಫಿಂಟನ್ ಹಿಡಿದ ಕೈಯನ್ನು ಅವನು ಆಸ್ಪತ್ರೆ ಬರುವವರೆಗೂ ಬಿಡಿಸಿಕೊಳ್ಳಲಿಲ್ಲ.